573ರ ಪೆಟ್ಟಿಗೆ ಕೊನೆಯಲ್ಲಿರಲಿ: ಕ್ಯಾಚ್ ಬ್ಲಾಕ್ ಜೋಡಿಸುವ ಕ್ರಮ

ಹಾಸನದ ಪಿನ್‌ಕೋಡ್ 573201, ಹೊಳೆನರಸೀಪುರದ್ದು 573211, ಅರಕಲಗೂಡಿನದು 573102, ಚನ್ನರಾಯಪಟ್ಟಣದ್ದು 573116. ಮೊದಲ ಮೂರಂಕಿ ನಾಲ್ಕಕ್ಕೂ ಒಂದೇ. ಕಾಗದ ವಿಂಗಡಿಸಲು ಪೆಟ್ಟಿಗೆಗಳನ್ನು ಸಾಲಾಗಿಟ್ಟು, ಮೊದಲು ಹೊಂದಿದ ಪೆಟ್ಟಿಗೆಗೇ ಹಾಕಬೇಕೆಂದು ನಿಯಮ ಮಾಡಿ. ಸಾಲಿನ ಮೊದಲಿಗೆ ‘573’ ಎಂದಷ್ಟೇ ಬರೆದ ಪೆಟ್ಟಿಗೆ ಇದ್ದರೆ ನಾಲ್ಕೂ ಊರಿನ ಕಾಗದ ಅದರಲ್ಲೇ ಬೀಳುತ್ತವೆ, ಅರಕಲಗೂಡಿನ ಪೆಟ್ಟಿಗೆ ಖಾಲಿ ಉಳಿಯುತ್ತದೆ.

ಟ್ರೈ ಬ್ಲಾಕಿನ ಕೆಳಗಿನ ಕ್ಯಾಚ್‌ಗಳೂ ಹೀಗೆಯೇ. ಮೇಲಿನಿಂದ ನೋಡುತ್ತಾ ಬಂದಾಗ ಹೊಂದುವ ಮೊದಲ ಕ್ಯಾಚ್ ದೋಷವನ್ನು ಹಿಡಿಯುತ್ತದೆ, ಉಳಿದವುಗಳಿಗೆ ಸರದಿಯೇ ಬರುವುದಿಲ್ಲ. ಮಗಳು ಕ್ಲಾಸಿನ ದೋಷ ತಾಯಿ ಕ್ಲಾಸಿಗೂ ಹೊಂದುತ್ತದೆ. ತೊಡಕು ಹುಟ್ಟುವುದು ಅಲ್ಲೇ.

ಡೇರಿಯ ಹಾಲಿನ ಲೆಕ್ಕ ಓದುವ ಜಾವಾ ಪ್ರೋಗ್ರಾಂ ಬರೆಯುತ್ತಿದ್ದೀರಿ ಎನ್ನಿ. ಮೊದಲು ಹಾಳೆಯ ಮೇಲೆ ವಂಶಾವಳಿ ಬರೆದುಕೊಳ್ಳಿ: ಎಕ್ಸೆಪ್ಶನ್, ಅದರಡಿ ಐಒಎಕ್ಸೆಪ್ಶನ್, ಅದರಡಿ ಫೈಲ್‌ನಾಟ್‌ಫೌಂಡ್‌ಎಕ್ಸೆಪ್ಶನ್. ಲೀಟರ್ ಇರಬೇಕಾದಲ್ಲಿ ಅಕ್ಷರ ಸಿಕ್ಕರೆ ಬರುವ ನಂಬರ್‌ಫಾರ್ಮ್ಯಾಟ್‌ಎಕ್ಸೆಪ್ಶನ್ ಬೇರೆ ಕವಲಿನದು. ಆಮೇಲೆ ಕ್ಯಾಚ್‌ಗಳನ್ನು ಕೆಳಗಿನ ಕುಡಿಯಿಂದ ಮೇಲಕ್ಕೆ ಬರೆಯುತ್ತಾ ಬನ್ನಿ. ಬೇರೆ ಬೇರೆ ಕವಲಿನವು ಹಿಂದುಮುಂದಾದರೆ ತೊಂದರೆಯಿಲ್ಲ. ಎಕ್ಸೆಪ್ಶನ್ ಬೇಕೇ ಬೇಕಿದ್ದರೆ ಕಟ್ಟಕಡೆಗೆ. ಅದರೊಳಗೆ ದೋಷದ ವಿವರ ದಾಖಲಿಸದೆ ಖಾಲಿ ಬಿಡಬೇಡಿ.

ಕ್ರಮ ತಪ್ಪಿದರೆ ಜಾವಾ ಕಂಪೈಲರ್ ‘ಹ್ಯಾಸ್ ಆಲ್ರೆಡಿ ಬೀನ್ ಕಾಟ್’ ಎಂದು ನಿಲ್ಲಿಸುತ್ತದೆ. ಸಿ ಶಾರ್ಪ್ ಕೂಡ ಬಿಡುವುದಿಲ್ಲ. ಆಗ ಅವಸರಕ್ಕೆ ಕೆಳಗಿನ ಬ್ಲಾಕನ್ನು ಅಳಿಸಿಬಿಟ್ಟರೆ ದೋಷ ಮಾಯವಾದಂತೆ ಕಾಣುತ್ತದೆ, ನಿಮಗೆ ಬೇಕಿದ್ದ ವಿವರವೂ ಅದರೊಂದಿಗೇ ಹೋಗುತ್ತದೆ. ಅಳಿಸಬೇಡಿ, ಮೇಲಕ್ಕೆ ತನ್ನಿ.

ಹೆಚ್ಚು ಎಚ್ಚರ ಬೇಕಿರುವುದು ಪೈಥಾನ್‌ನಲ್ಲಿ. ಅದು ತಪ್ಪು ಕ್ರಮವನ್ನೂ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಕನ್ನಡದ ಕಡತಗಳಲ್ಲಿ ಇದು ನಿಜಕ್ಕೂ ಕಾಡುವ ಸಂಗತಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ವಿಧಾನದಲ್ಲಿ ಟೈಪಿಸಿ ಉಳಿಸಿದ ಪಠ್ಯವನ್ನು ಯುಟಿಎಫ್-8 ಎಂದು ತೆರೆದರೆ ಸಾಮಾನ್ಯವಾಗಿ ಯೂನಿಕೋಡ್‌ಡಿಕೋಡ್‌ಎರರ್ ಬರುತ್ತದೆ. ಅದು ವ್ಯಾಲ್ಯೂಎರರ್‌ನ ವಂಶದ್ದು. ವ್ಯಾಲ್ಯೂಎರರ್ ಅನ್ನು ಮೇಲಿಟ್ಟು ‘ಲೀಟರ್ ಅಂಕಿ ತಪ್ಪಿದೆ’ ಎಂದು ಬರೆದಿದ್ದರೆ, ಡೇರಿ ಕಾರ್ಯದರ್ಶಿ ಸರಿಯಾಗಿಯೇ ಇರುವ ಅಂಕಿಗಳನ್ನು ಸಂಜೆಯವರೆಗೂ ತಡಕುತ್ತಾ ಕೂರಬೇಕು. ಯೂನಿಕೋಡ್‌ಡಿಕೋಡ್‌ಎರರ್ ಮೇಲಿದ್ದರೆ ‘ಕಡತವನ್ನು ಯೂನಿಕೋಡ್‌ಗೆ ಪರಿವರ್ತಿಸಿ’ ಎಂದು ಒಂದೇ ಸಾಲಿನಲ್ಲಿ ಹೇಳಬಹುದು.

ಬರೆದು ಮುಗಿಸಿದ ಮೇಲೆ ನೀವೇ ಕೆಡಿಸಿ ನೋಡಿ. ಒಮ್ಮೆ ಕಡತದ ಹೆಸರು ಬದಲಿಸಿ, ಒಮ್ಮೆ ಲೀಟರ್ ಕಾಲಂನಲ್ಲಿ ‘ಅಆ’ ತುಂಬಿ, ಒಮ್ಮೆ ನುಡಿಯ ಹಳೆಯ ಕಡತ ಕೊಡಿ. ಮೂರಕ್ಕೂ ಬೇರೆ ಬೇರೆ ಸಂದೇಶ ಬರಬೇಕು. ಎರಡಕ್ಕೆ ಒಂದೇ ಸಂದೇಶ ಬಂದರೆ ಹಾಳೆಯ ಮೇಲಿನ ವಂಶಾವಳಿಯನ್ನು ಮತ್ತೆ ತೆಗೆಯಿರಿ.