ನ್ಯಾನೋ ವಸ್ತುಗಳು: ಹೆಸರಿಗೆ ಬೆಲೆಯೋ, ಗುಣಕ್ಕೆ ಬೆಲೆಯೋ?

ಬಣ್ಣದ ಡಬ್ಬಿ, ನೀರಿನ ಶೋಧಕ, ಕಾಲುಚೀಲ, ಎಂಜಿನ್ ಆಯಿಲ್, ಗೊಬ್ಬರದ ಬಾಟಲಿ – ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ಸರಕುಗಳ ಮೇಲೆ ಕಳೆದ ಎರಡು ದಶಕಗಳಿಂದ 'ನ್ಯಾನೋ' ಎಂಬ ಒಂದೇ ಪದ ಅಚ್ಚಾಗುತ್ತ ಬಂದಿದೆ. 2008ರಲ್ಲಿ ಪ್ರದರ್ಶನಗೊಂಡ ಅಗ್ಗದ ಕಾರಿಗೂ ಇದೇ ಹೆಸರಿತ್ತು. ಅಲ್ಲಿ ಅದರ ಅರ್ಥ 'ಚಿಕ್ಕದು' ಎಂದಷ್ಟೇ. ಆದರೆ ಪ್ಲಾಸ್ಟಿಕ್, ರಬ್ಬರ್, ಬಣ್ಣ ಅಥವಾ ಜವಳಿ ಸಂಸ್ಕರಣೆಯ ಸಣ್ಣ ಘಟಕದ ಬಾಗಿಲಿಗೆ ಪೂರೈಕೆದಾರನೊಬ್ಬನು ನ್ಯಾನೋ ಪುಡಿಯ ಚೀಲದೊಂದಿಗೆ ಬಂದು, ಸಾಮಾನ್ಯ ಪುಡಿಯ ಹಲವು ಪಟ್ಟು ದರ ಹೇಳಿದಾಗ ಈ ಪದದ ನಿಜಾರ್ಥ ಹಣದ ಪ್ರಶ್ನೆಯಾಗುತ್ತದೆ. ಆ ಹೆಚ್ಚುವರಿ ದರ ಯಾವ ಗುಣಕ್ಕಾಗಿ, ಆ ಗುಣ ಚೀಲದಲ್ಲಿ ನಿಜವಾಗಿ ಇದೆಯೇ, ಇದ್ದರೂ ಸಿದ್ಧ ಸರಕಿನೊಳಗೆ ಅದು ಉಳಿಯುತ್ತದೆಯೇ ಎಂಬುದನ್ನು ತಿಳಿಯದೆ ಮಾಡಿದ ಖರೀದಿ ಜೂಜಿಗೆ ಸಮಾನ.

ಒಂದು ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರ್. ತಲೆಗೂದಲಿನ ದಪ್ಪ ಸುಮಾರು 80 ಸಾವಿರದಿಂದ ಒಂದು ಲಕ್ಷ ನ್ಯಾನೋಮೀಟರ್. ಉದ್ದ, ಅಗಲ, ದಪ್ಪಗಳಲ್ಲಿ ಒಂದಾದರೂ 1ರಿಂದ 100 ನ್ಯಾನೋಮೀಟರ್ ಒಳಗಿರುವ ಕಣಗಳಿಂದಾದುದನ್ನು ಸಾಮಾನ್ಯವಾಗಿ ನ್ಯಾನೋ ವಸ್ತುವೆಂದು ಕರೆಯಲಾಗುತ್ತದೆ. ಇಷ್ಟು ಕಿರಿದಾದರೆ ಆಗುವ ಲಾಭವೇನು? ಒಂದು ಸೆಂಟಿಮೀಟರ್ ಬದಿಯ ಘನವೊಂದರ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ ಒಂದು ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 6,000 ಚದರ ಮೀಟರ್, ಅಂದರೆ ಸುಮಾರು ಒಂದೂವರೆ ಎಕರೆಯಾಗುತ್ತದೆ. ರಾಸಾಯನಿಕ ಕ್ರಿಯೆಯಾಗಲಿ, ಅಂಟಿಕೊಳ್ಳುವಿಕೆಯಾಗಲಿ ನಡೆಯುವುದು ಮೇಲ್ಮೈಯಲ್ಲಿಯೇ ಆದುದರಿಂದ, ಅಲ್ಪ ತೂಕದ ವಸ್ತು ದೊಡ್ಡ ಕೆಲಸ ಮಾಡಬಲ್ಲದು. ನ್ಯಾನೋ ವಸ್ತುವಿಗೆ ಕೊಡುವ ಬೆಲೆ ಬಹುಮಟ್ಟಿಗೆ ಈ ಮೇಲ್ಮೈಯ ಬೆಲೆ.

'ನ್ಯಾನೋ ತಂತ್ರಜ್ಞಾನ' ಎಂಬ ಪದವನ್ನು ಜಪಾನಿನ ನೊರಿಯೊ ತಾನಿಗುಚಿ 1974ರಲ್ಲಿ ಬಳಕೆಗೆ ತಂದರು. ಪದ ಹೊಸದಾದರೂ ವಸ್ತು ಹೊಸದಲ್ಲ. ಟೈರಿಗೆ ಕಪ್ಪು ಬಣ್ಣವನ್ನೂ ಬಾಳಿಕೆಯನ್ನೂ ನೀಡುವ ಕಾರ್ಬನ್ ಬ್ಲ್ಯಾಕ್‌ನ ಮೂಲಕಣಗಳು ಕೆಲವೇ ಹತ್ತು ನ್ಯಾನೋಮೀಟರ್ ಗಾತ್ರದವು; ರಬ್ಬರ್ ಉದ್ಯಮ ಅದನ್ನು ಒಂದು ಶತಮಾನದಿಂದ ಬಳಸುತ್ತಿದೆ. ಎಣ್ಣೆದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ತೆಗೆದವರೆಲ್ಲರೂ ಅರಿಯದೆಯೇ ಅಂತಹ ಕಣಗಳನ್ನು ತಯಾರಿಸಿದವರೇ.

ಆಧುನಿಕ ನ್ಯಾನೋ ಸಂಯುಕ್ತಗಳಲ್ಲಿ ಸಣ್ಣ ತಯಾರಕರು ಮೊದಲು ತಿಳಿಯಬೇಕಾದ ಉದಾಹರಣೆ ಟೊಯೋಟಾ ಸಂಸ್ಥೆಯ ಕೇಂದ್ರ ಸಂಶೋಧನಾಲಯದ್ದು. 1980ರ ದಶಕದ ಉತ್ತರಾರ್ಧದಲ್ಲಿ ಅಲ್ಲಿನ ವಿಜ್ಞಾನಿಗಳು ನೈಲಾನ್-6ರೊಳಗೆ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿಮಣ್ಣನ್ನು ಸೇರಿಸಿದರು. ಈ ಮಣ್ಣು ಲೆಕ್ಕದ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪೇರಿಸಿದ ಪದರಗಳಿಂದಾಗಿದೆ. ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೋಮೀಟರ್, ಅಗಲ ನೂರರ ಆಸುಪಾಸು. ತೂಕದಲ್ಲಿ ಶೇ. 5ರಷ್ಟೂ ಇಲ್ಲದ ಈ ಮಣ್ಣಿನಿಂದ, ಭಾರದಡಿಯಲ್ಲಿ ನೈಲಾನ್ ಬಾಗತೊಡಗುವ ಉಷ್ಣತೆ ಸುಮಾರು 65 ಡಿಗ್ರಿ ಸೆಲ್ಸಿಯಸ್‌ನಿಂದ 145 ಡಿಗ್ರಿಗೂ ಮೇಲೇರಿತು. ಸಾಮಾನ್ಯ ಖನಿಜದ ಪುಡಿಯಾದರೆ ಶೇ. 20–30ರಷ್ಟು ಬೆರೆಸಬೇಕಾಗುತ್ತದೆ, ತೂಕವೂ ಹೆಚ್ಚುತ್ತದೆ. 1990ರ ದಶಕದ ಆರಂಭದಲ್ಲಿ ಎಂಜಿನ್ನಿನ ಟೈಮಿಂಗ್ ಬೆಲ್ಟಿನ ಮುಚ್ಚಳವಾಗಿ ಈ ಸಂಯುಕ್ತವು ಕಾರನ್ನು ಸೇರಿತು.

ಈ ಯಶಸ್ಸಿಗೆ ಕಾರಣ ಮಣ್ಣಲ್ಲ, ಅದನ್ನು ಬಿಡಿಸಿದ ವಿಧಾನ. ಪದರಗಳ ನಡುವಿನ ಸೋಡಿಯಂ ಅಯಾನುಗಳನ್ನು ತೆಗೆದು ಆ ಜಾಗಕ್ಕೆ ಅಮಿನೋ ಆಮ್ಲವೊಂದರ ಅಯಾನುಗಳನ್ನು ತುಂಬಲಾಯಿತು. ಆಗ ನೈಲಾನಿನ ಕಚ್ಚಾವಸ್ತುವಾದ ಕ್ಯಾಪ್ರೊಲ್ಯಾಕ್ಟಂ ಪದರಗಳ ನಡುವೆ ನುಗ್ಗಿ, ಅಲ್ಲಿಯೇ ನೈಲಾನ್ ಆಗಿ ಬೆಳೆದು, ಹಾಳೆಗಳನ್ನು ಒಂದೊಂದಾಗಿ ದೂರ ತಳ್ಳಿತು. ಅದೇ ಮಣ್ಣನ್ನು ಹಾಗೆಯೇ ಕರಗಿದ ಪ್ಲಾಸ್ಟಿಕ್ಕಿಗೆ ಸುರಿದಿದ್ದರೆ ಅದು ಬರಿಯ ದುಬಾರಿ ಫಿಲ್ಲರ್ ಆಗುತ್ತಿತ್ತು. ಕುದಿಯುವ ನೀರಿಗೆ ರಾಗಿಹಿಟ್ಟನ್ನು ಒಮ್ಮೆಲೇ ಸುರಿದು ತಿರುವದೆ ಬಿಟ್ಟರೆ ಗಂಟು ಕಟ್ಟುವಂತೆ, ನ್ಯಾನೋ ಕಣಗಳೂ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಗಂಟಾದ ಮೇಲೆ ಆ ಒಂದೂವರೆ ಎಕರೆ ಮೇಲ್ಮೈ ಇಲ್ಲವಾಗುವುದಷ್ಟೇ ಅಲ್ಲ, ಬಿರುಕು ಹುಟ್ಟುವುದು ಆ ಗಂಟಿನಿಂದಲೇ. ಹೀಗಾಗಿ ನ್ಯಾನೋ ಬೆರೆಸಿದ ಕ್ರೇಟು ಅಥವಾ ಪೈಪು ಬೆರೆಸದುದಕ್ಕಿಂತ ಬೇಗ ಒಡೆಯುವುದುಂಟು.

ಪಾಲಿಪ್ರೊಪಿಲೀನ್ ಬಳಸುವ ಘಟಕಗಳಿಗೆ ತೊಡಕು ಇನ್ನೂ ಹೆಚ್ಚು. ನೀರನ್ನೊಲ್ಲದ ಈ ಪ್ಲಾಸ್ಟಿಕ್ ಜೇಡಿಮಣ್ಣಿನೊಂದಿಗೆ ತಾನಾಗಿ ಬೆರೆಯದು. ಮೆಲೆಯಿಕ್ ಅನ್‌ಹೈಡ್ರೈಡ್ ಕೂಡಿಸಿದ ಪಾಲಿಪ್ರೊಪಿಲೀನನ್ನು ಮಧ್ಯವರ್ತಿಯಾಗಿ ಸೇರಿಸಬೇಕಾಗುತ್ತದೆ. ಆದ್ದರಿಂದ ಒಂದೆರಡು ಇಂಜೆಕ್ಷನ್ ಮೋಲ್ಡಿಂಗ್ ಯಂತ್ರಗಳಿರುವ ಘಟಕವು ಬಿಡಿ ಪುಡಿಯನ್ನು ಕೊಳ್ಳುವುದಕ್ಕಿಂತ, ತಾನು ಬಳಸುವ ಪ್ಲಾಸ್ಟಿಕ್ಕಿನಲ್ಲಿಯೇ ಕಣಗಳನ್ನು ಮೊದಲೇ ಹರಡಿಸಿ ತಯಾರಿಸಿದ ಮಾಸ್ಟರ್‌ಬ್ಯಾಚನ್ನು ಕೊಳ್ಳುವುದು ಲೇಸು. ದರ ಹೆಚ್ಚೆನಿಸಿದರೂ ಹರಡಿಸುವ ಕಷ್ಟದ ಭಾಗವನ್ನು ಬೇರೊಬ್ಬರು ಮುಗಿಸಿಕೊಟ್ಟಿರುತ್ತಾರೆ.

ಇನ್ನು ಚೀಲದೊಳಗೆ ಇರುವುದೇನು ಎಂಬ ಪ್ರಶ್ನೆ. 2004ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕೊನ್‌ಸ್ಟಾಂಟಿನ್ ನೊವೊಸೆಲೊವ್ ಅವರು ಅಂಟುಪಟ್ಟಿಯಿಂದ ಗ್ರಾಫೈಟಿನ ಪದರ ಕಿತ್ತು, ಒಂದೇ ಪರಮಾಣು ದಪ್ಪದ ಗ್ರಾಫೀನನ್ನು ಪ್ರತ್ಯೇಕಿಸಿದರು. 2010ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ಅಂದಿನಿಂದ ಬಣ್ಣ, ಕೀಲೆಣ್ಣೆ, ಕಾಂಕ್ರೀಟು, ಬ್ಯಾಟರಿ – ಎಲ್ಲಕ್ಕೂ ಗ್ರಾಫೀನ್ ಪುಡಿ ಮಾರಾಟವಾಗುತ್ತಿದೆ. 2018ರಲ್ಲಿ ಸಿಂಗಾಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಸಂಶೋಧಕರು ಮತ್ತವರ ಸಹವರ್ತಿಗಳು ಏಷ್ಯಾ, ಯೂರೋಪ್ ಹಾಗೂ ಅಮೆರಿಕಗಳ 60 ತಯಾರಕರ ಮಾದರಿಗಳನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ಕಣ್ತೆರೆಸುವಂಥದು. ಬಹುಪಾಲು ಮಾದರಿಗಳಲ್ಲಿ ಹತ್ತು ಪದರಗಳೊಳಗಿನ ಗ್ರಾಫೀನಿನ ಅಂಶ ಶೇ. 10ಕ್ಕಿಂತಲೂ ಕಡಿಮೆಯಿತ್ತು, ಶೇ. 50ನ್ನು ಮೀರಿದ್ದು ಒಂದೂ ಇರಲಿಲ್ಲ. ಉಳಿದುದು ನುಣ್ಣಗೆ ಅರೆದ ಗ್ರಾಫೈಟ್, ಅಂದರೆ ಪೆನ್ಸಿಲ್ಲಿನ ಕಡ್ಡಿಯ ವಸ್ತು. ಅಂತಹ ಪುಡಿ ಕೊಂಡು, ಬೆರೆಸಿ, ಫಲ ಕಾಣದ ತಯಾರಕನು 'ಗ್ರಾಫೀನ್ ನಿರುಪಯುಕ್ತ' ಎಂದು ತೀರ್ಮಾನಿಸುವುದು ಸಹಜ. ವಾಸ್ತವದಲ್ಲಿ ಅವನು ಗ್ರಾಫೀನನ್ನು ಬಳಸಿಯೇ ಇರುವುದಿಲ್ಲ.

ಪುಡಿಯ ಮೇಲ್ಮೈಯನ್ನು ಅಳೆಯುವ ಬಿ.ಇ.ಟಿ. ಪರೀಕ್ಷೆ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರ, ಇಂಗಾಲದ ವಸ್ತುಗಳಾದರೆ ರಾಮನ್ ರೋಹಿತ – ಇವು ಕೊಳ್ಳುವವರು ಕೇಳಬೇಕಾದ ದಾಖಲೆಗಳು. ಸರ್ ಸಿ.ವಿ. ರಾಮನ್ ಅವರು 1928ರಲ್ಲಿ ಕಂಡ ಪರಿಣಾಮವೇ ಇಂದು ಗ್ರಾಫೀನನ್ನೂ ಗ್ರಾಫೈಟನ್ನೂ ಬೇರ್ಪಡಿಸಿ ತೋರಿಸುವ ಒರೆಗಲ್ಲಾಗಿದೆ.

ಬೆಳ್ಳಿಯ ವಿಷಯದಲ್ಲಿ ಪ್ರಶ್ನೆ ಬೇರೆ. ನ್ಯಾನೋ ಬೆಳ್ಳಿಯಿಂದ ನಿಧಾನವಾಗಿ ಹೊರಬರುವ ಬೆಳ್ಳಿಯ ಅಯಾನುಗಳು ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ವಾಸನೆ ಬಾರದ ಕಾಲುಚೀಲ, ಒಳ ಉಡುಪುಗಳ ಮಾರಾಟ ನಿಂತಿರುವುದು ಇದರ ಮೇಲೆ. 2008ರಲ್ಲಿ ಅಮೆರಿಕದ ಅರಿಜೋನಾ ರಾಜ್ಯ ವಿಶ್ವವಿದ್ಯಾಲಯದ ಸಂಶೋಧಕರು ಆರು ಬಗೆಯ ಕಾಲುಚೀಲಗಳನ್ನು ನೀರಿನಲ್ಲಿ ಜಾಲಾಡಿದಾಗ, ಕೆಲವು ನಾಲ್ಕೇ ಬಾರಿಗೆ ಹೆಚ್ಚುಕಡಿಮೆ ಎಲ್ಲ ಬೆಳ್ಳಿಯನ್ನೂ ಕಳೆದುಕೊಂಡವು. ಬೇರೆ ಕೆಲವು ಅತ್ಯಲ್ಪವನ್ನು ಮಾತ್ರ ಬಿಟ್ಟವು. ವ್ಯತ್ಯಾಸ ಬೆಳ್ಳಿಯ ಪ್ರಮಾಣದಲ್ಲಿರಲಿಲ್ಲ, ಅದನ್ನು ನೂಲಿಗೆ ಕಟ್ಟಿದ ಬಗೆಯಲ್ಲಿತ್ತು. ಸಂಸ್ಕರಣ ದ್ರಾವಣ ಕೊಳ್ಳುವ ಜವಳಿ ಘಟಕಗಳು 'ಎಷ್ಟು ಬೆಳ್ಳಿ ಇದೆ' ಎನ್ನುವುದಕ್ಕಿಂತ 'ಇಪ್ಪತ್ತು ಒಗೆತದ ನಂತರ ಎಷ್ಟು ಉಳಿಯುತ್ತದೆ' ಎಂದು ಕೇಳಬೇಕಾದುದು ಇದಕ್ಕಾಗಿ.

ಕಟ್ಟುವಿಕೆಯನ್ನು ಸರಿಯಾಗಿ ಸಾಧಿಸಿದ ದೇಶೀಯ ಉದಾಹರಣೆಯೂ ಉಂಟು. 2009ರ ಡಿಸೆಂಬರಿನಲ್ಲಿ ಟಾಟಾ ಸಮೂಹ ಬಿಡುಗಡೆ ಮಾಡಿದ 'ಸ್ವಚ್' ನೀರಿನ ಶೋಧಕದಲ್ಲಿ ಭತ್ತದ ಉಮಿಯ ಬೂದಿಗೆ ನ್ಯಾನೋ ಬೆಳ್ಳಿಯನ್ನು ಹತ್ತಿಸಲಾಗಿತ್ತು. ವಿದ್ಯುತ್ತಾಗಲಿ ನಲ್ಲಿ ನೀರಾಗಲಿ ಬೇಡದ ಆ ಶೋಧಕದ ಆರಂಭದ ಬೆಲೆ ಸಾವಿರ ರೂಪಾಯಿಗಳ ಒಳಗಿತ್ತು. ಗಂಗಾವತಿ, ಸಿಂಧನೂರುಗಳ ಅಕ್ಕಿ ಗಿರಣಿಗಳಿಗೆ ವಿಲೇವಾರಿಯ ತಲೆನೋವಾಗಿರುವ ಅದೇ ಉಮಿ ಬೂದಿ, ಸಿಲಿಕಾ ಸಮೃದ್ಧವಾದ ರಂಧ್ರಮಯ ವಸ್ತುವಾದುದರಿಂದ ಬೆಳ್ಳಿಗೆ ಒಳ್ಳೆಯ ಆಸರೆಯಾಗುತ್ತದೆ.

ಯಂತ್ರಭಾಗಗಳ ತಯಾರಿಕೆಯಲ್ಲಿ ನ್ಯಾನೋ ಲೇಪನವು ಈಗಾಗಲೇ ನಿತ್ಯದ ಸಂಗತಿ. ಡ್ರಿಲ್, ಎಂಡ್ ಮಿಲ್‌ಗಳ ಮೇಲೆ ಕೆಲವೇ ಮೈಕ್ರಾನ್ ದಪ್ಪದ, ಒಳಗೆ ನ್ಯಾನೋ ಪದರಗಳನ್ನೋ ಹರಳುಗಳನ್ನೋ ಹೊಂದಿದ ಟೈಟಾನಿಯಂ-ಅಲ್ಯೂಮಿನಿಯಂ ನೈಟ್ರೈಡ್ ಲೇಪನಗಳನ್ನು ಕೂಲಿಯ ಮೇಲೆ ಮಾಡಿಕೊಡುವ ಘಟಕಗಳಿವೆ. ಇಲ್ಲಿ ಮೋಸಕ್ಕೆ ಎಡೆ ಕಡಿಮೆ: ಒಂದು ಡ್ರಿಲ್ ಎಷ್ಟು ರಂಧ್ರ ಕೊರೆಯಿತು ಎಂದು ಕೆಲಸಗಾರನೇ ಎಣಿಸಬಲ್ಲನು.

ಕೃಷಿ ಪರಿಕರಗಳ ವರ್ತಕರಿಗೆ ಹೆಚ್ಚು ಪರಿಚಿತವಾದುದು 2021ರಲ್ಲಿ ಇಫ್ಕೋ ಹೊರತಂದ ನ್ಯಾನೋ ಯೂರಿಯಾ. ಅರ್ಧ ಲೀಟರಿನ ಬಾಟಲಿ 45 ಕಿಲೋ ಯೂರಿಯಾ ಚೀಲಕ್ಕೆ ಸಮವೆಂಬುದು ಅದರ ಪ್ರಚಾರ. ಚೀಲದಲ್ಲಿ ಸುಮಾರು 20 ಕಿಲೋ ಸಾರಜನಕವಿದ್ದರೆ, ಶೇ. 4ರ ಪ್ರಮಾಣದ ಬಾಟಲಿಯಲ್ಲಿ ಇದ್ದುದು ಸುಮಾರು 20 ಗ್ರಾಂ. ಎಲೆಯ ಮೂಲಕ ಪೋಲಾಗದೆ ಹೀರಲ್ಪಡುತ್ತದೆ ಎಂಬ ವಾದದ ಮೇಲೆಯೇ ಉಳಿದುದೆಲ್ಲ ನಿಂತಿತ್ತು. ಸಾವಿರಾರು ರೈತರ ಹೊಲಗಳಲ್ಲಿ ಪರೀಕ್ಷಿಸಲಾಗಿದೆಯೆಂದು ಸಂಸ್ಥೆ ಹೇಳಿದರೆ, ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಎರಡು ವರ್ಷಗಳ ಪ್ರಯೋಗದಲ್ಲಿ ಗೋಧಿ ಮತ್ತು ಭತ್ತಗಳ ಇಳುವರಿ ಗಣನೀಯವಾಗಿ ಕುಸಿದುದು ವರದಿಯಾಯಿತು. 2024ರಲ್ಲಿ ಹೆಚ್ಚು ಸಾರಜನಕವುಳ್ಳ ಹೊಸ ಸಂಯೋಜನೆಗೆ ಕೇಂದ್ರ ಸರ್ಕಾರ ಅಧಿಸೂಚನೆ ಹೊರಡಿಸಿತು. ರೈತನು ಪ್ರಶ್ನಿಸುವುದು ಕಂಪನಿಯನ್ನಲ್ಲ, ಊರಿನ ಅಂಗಡಿಯವನನ್ನು. ಆದುದರಿಂದ ತನ್ನ ಸೀಮೆಯ ಪ್ರಾತ್ಯಕ್ಷಿಕೆಯ ಫಲ ನೋಡಿದ ಮೇಲೆಯೇ ಸಂಗ್ರಹ ಹೆಚ್ಚಿಸುವುದು ಅಂಗಡಿಯ ಮರ್ಯಾದೆಗೆ ಹಿತ.

ಹೆಸರು ಮಾರಾಟಕ್ಕೆ ನೆರವಾಗುವಂತೆ ಮುಳುವೂ ಆಗಬಲ್ಲದು. 2006ರ ಮಾರ್ಚ್‌ನಲ್ಲಿ ಜರ್ಮನಿಯಲ್ಲಿ 'ಮ್ಯಾಜಿಕ್ ನ್ಯಾನೋ' ಎಂಬ ಸ್ನಾನಗೃಹದ ಸ್ಪ್ರೇ ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ ಸುಮಾರು ನೂರು ಜನರಿಗೆ ಉಸಿರಾಟದ ತೊಂದರೆಯಾಯಿತು. ಸರಕನ್ನು ಹಿಂದಕ್ಕೆ ಪಡೆಯಲಾಯಿತು. ತಪಾಸಣೆ ನಡೆದಾಗ ಅದರಲ್ಲಿ ನ್ಯಾನೋ ಕಣಗಳೇ ಇರಲಿಲ್ಲವೆಂದು ತಿಳಿಯಿತು. ಅಷ್ಟರಲ್ಲಿ ನ್ಯಾನೋ ಎಂದರೆ ಅಪಾಯವೆಂಬ ಸುದ್ದಿ ಜಗತ್ತಿನಾದ್ಯಂತ ಹಬ್ಬಿತ್ತು.

ಹಾಗೆಂದು ಅಪಾಯವಿಲ್ಲವೆಂದಲ್ಲ. ಪ್ಲಾಸ್ಟಿಕ್ಕಿನೊಳಗೆ ಬಂಧಿತವಾದ ಕಣ ಬೇರೆ, ಚೀಲ ಬಿಚ್ಚುವಾಗ ಹಾರುವ ಕಣ ಬೇರೆ. ಉದ್ದನೆಯ ಇಂಗಾಲದ ನ್ಯಾನೋ ನಳಿಕೆಗಳು ಇಲಿಗಳ ದೇಹದಲ್ಲಿ ಕಲ್ನಾರಿನಂತೆ ವರ್ತಿಸುವುದನ್ನು 2008ರಲ್ಲಿ ಎಡಿನ್‌ಬರೋದ ವಿಜ್ಞಾನಿಗಳು ತೋರಿಸಿದರು. 2014ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅಂತಹ ಒಂದು ಬಗೆಯನ್ನು ಮನುಷ್ಯರಿಗೆ ಕ್ಯಾನ್ಸರ್ ತರಬಹುದಾದ ವಸ್ತುಗಳ ಸಾಲಿಗೆ ಸೇರಿಸಿತು. ಬಣ್ಣದ ಘಟಕಗಳಲ್ಲಿ ಸಾಮಾನ್ಯವಾದ ಟೈಟಾನಿಯಂ ಡೈಆಕ್ಸೈಡ್‌ಗೆ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಷ್ 2011ರಲ್ಲಿ ಸೂಚಿಸಿದ ಮಿತಿ, ಸಾಮಾನ್ಯ ಪುಡಿಗೆ ಘನ ಮೀಟರ್ ಗಾಳಿಯಲ್ಲಿ 2.4 ಮಿಲಿಗ್ರಾಂ, ನ್ಯಾನೋ ಪುಡಿಗೆ 0.3 ಮಿಲಿಗ್ರಾಂ ಮಾತ್ರ. ಎಂಟು ಪಟ್ಟು ಬಿಗಿ. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡು ಪುಡಿ ತೂಗುವ, ಸಂಜೆ ಕಸಪೊರಕೆಯಿಂದಲೋ ಕಂಪ್ರೆಸರಿನ ಗಾಳಿಯಿಂದಲೋ ನೆಲ ಶುಚಿಗೊಳಿಸುವ ಪದ್ಧತಿ ಇಲ್ಲಿ ಸಲ್ಲದು. ಮುಚ್ಚಿದ ತೂಕದ ಪೆಟ್ಟಿಗೆ, ಎನ್-95 ಮುಖಗವಸು, ಒದ್ದೆ ಬಟ್ಟೆಯ ಒರೆಸು ಇವು ಕನಿಷ್ಠ ಅಗತ್ಯಗಳು. ಪುಡಿಯ ಬದಲು ಪೇಸ್ಟ್ ಅಥವಾ ಮಾಸ್ಟರ್‌ಬ್ಯಾಚ್ ಕೊಂಡರೆ ಈ ಖರ್ಚಿನ ಬಹುಭಾಗ ಉಳಿಯುತ್ತದೆ.

ರಫ್ತುದಾರರು ಯೂರೋಪಿನ ನಿಯಮಗಳನ್ನೂ ಗಮನಿಸಬೇಕು. ಅಲ್ಲಿ 2013ರ ಜುಲೈಯಿಂದ ಪ್ರಸಾಧನ ಸಾಮಗ್ರಿಗಳಲ್ಲಿನ ನ್ಯಾನೋ ಅಂಶವನ್ನು ಲೇಬಲಿನ ಮೇಲೆ ನಮೂದಿಸುವುದು ಕಡ್ಡಾಯ. 2020ರ ಜನವರಿಯಿಂದ ರಾಸಾಯನಿಕಗಳ ನೋಂದಣಿಯಲ್ಲಿ ನ್ಯಾನೋ ರೂಪಕ್ಕೆ ಪ್ರತ್ಯೇಕ ಮಾಹಿತಿ ಸಲ್ಲಿಸಬೇಕು. ಮಿಠಾಯಿ, ಚೂಯಿಂಗ್ ಗಮ್‌ಗಳಿಗೆ ಬಿಳುಪು ತರಲು ಬಳಸುತ್ತಿದ್ದ, ನ್ಯಾನೋ ಕಣಗಳನ್ನೂ ಒಳಗೊಂಡ ಇ-171 ಟೈಟಾನಿಯಂ ಡೈಆಕ್ಸೈಡನ್ನು 2022ರಲ್ಲಿ ಆಹಾರದಿಂದ ನಿಷೇಧಿಸಲಾಯಿತು. ತಯಾರಕನು 'ನ್ಯಾನೋ' ಎಂದು ಕೊಳ್ಳದಿದ್ದರೂ ಬಣ್ಣದ ಪುಡಿಯೊಂದಿಗೆ ಅದು ಬಂದಿರಬಹುದು.

ಪರೀಕ್ಷೆಯ ಮಟ್ಟಿಗೆ ಕರ್ನಾಟಕದ ಉದ್ಯಮಿಗಳು ಅದೃಷ್ಟವಂತರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದ ಪರೀಕ್ಷಾ ಸೌಲಭ್ಯಗಳು ಹೊರಗಿನವರಿಗೂ ಶುಲ್ಕದ ಮೇಲೆ ದೊರೆಯುತ್ತವೆ. ಪ್ಲಾಸ್ಟಿಕ್ಕಿನ ಬಲ ಪರೀಕ್ಷೆಗೆ ಮೈಸೂರಿನ ಸಿಪೆಟ್ ಇದೆ. ಮಾದರಿ ಕಳುಹಿಸುವ ಮುನ್ನ ಘಟಕದಲ್ಲಿಯೇ ಮೂರು ಘಾಣ ತೆಗೆಯುವುದು ಒಳ್ಳೆಯದು: ಏನನ್ನೂ ಬೆರೆಸದ್ದು ಒಂದು, ಅಷ್ಟೇ ತೂಕದ ಸಾಮಾನ್ಯ ಫಿಲ್ಲರ್ ಬೆರೆಸಿದ್ದು ಇನ್ನೊಂದು, ನ್ಯಾನೋ ಬೆರೆಸಿದ್ದು ಮತ್ತೊಂದು, ಅಚ್ಚು, ಉಷ್ಣತೆ, ಆಪರೇಟರ್ ಮೂರಕ್ಕೂ ಒಬ್ಬರೇ ಇರಬೇಕು. ಎರಡನೆಯ ಘಾಣವನ್ನು ಬಿಟ್ಟು ಮೊದಲನೆಯದನ್ನೂ ಮೂರನೆಯದನ್ನೂ ಹೋಲಿಸಿ ತೋರಿಸುವುದು ಮಾರಾಟ ಪ್ರತಿನಿಧಿಗಳ ರೂಢಿ. ಮೂರರ ತುಣುಕುಗಳನ್ನೂ ಒಂದು ಬೇಸಗೆಯ ಮಟ್ಟಿಗೆ ತಾರಸಿಯ ಮೇಲಿಟ್ಟು ಬಿಸಿಲು ತೋರಿಸಿ, ನಂತರ ಮುರಿದು ನೋಡಿ, ದರದ ಮಾತನ್ನು ಅನಂತರ ಆಡಬಹುದು. ಖರೀದಿ ಆದೇಶದಲ್ಲಿ ಕಣದ ಗಾತ್ರ, ಮೇಲ್ಮೈ ವಿಸ್ತೀರ್ಣ ಹಾಗೂ ಪ್ರತಿ ಲಾಟಿನ ಪರೀಕ್ಷಾ ವರದಿ ಎಂಬ ಮೂರು ಷರತ್ತುಗಳನ್ನು ಬರವಣಿಗೆಯಲ್ಲಿ ಸೇರಿಸಿದರೆ, ಒಪ್ಪದೆ ಹಿಂದೆ ಸರಿಯುವ ಪೂರೈಕೆದಾರನಿಂದ ಕೊಳ್ಳುವ ಅಗತ್ಯವೇ ಬರುವುದಿಲ್ಲ.