ಸಿಲಿಂಡರ್ ಬಂತೇನು?

ಪ್ರಶ್ನೆ: ಲಗ್ನ ಆಗಿ ಒಂಬತ್ತು ವರ್ಷ ಆತ್ರಿ. ನಿಶ್ಚಯ ಆದಾಗ ಇವರು ಕಮಲಾಪುರದಿಂದ ಬೈಕ್ ಮ್ಯಾಲೆ ಬಂದು, ಅಪ್ಪನ ಕೆರಿ ದಂಡಿಗಿ ಕುಂತು ತಾಸುಗಟ್ಟಲೆ ಮಾತಾಡ್ತಿದ್ರು. ನಮ್ಮೂರ ಬಿಸಿಲೂ ಅವರಿಗಿ ಬೆಳದಿಂಗಳ ಆಗಿತ್ತು. ಈಗ ಬರೋ ಮೆಸೇಜು ಎರಡೇ: ‘ಕೊತ್ತಂಬರಿ ಬೇಕೇನು?’, ‘ಸಿಲಿಂಡರ್ ಬಂತೇನು?’ ಮೊನ್ನೆ ಲಗ್ನದ ದಿನಕ್ಕ ಹೂವಿಲ್ಲ, ಸೀರಿ ಇಲ್ಲ, ಒಂದು ಡಜನ್ ಕೆಂಪು ಬಾಳೆಹಣ್ಣು ತಂದ್ರು! ಪ್ರೀತಿ ಎಲ್ಲಿ ಹೋತ್ರಿ?
– ಹೆಸರು ಬ್ಯಾಡ್ರಿ, ಕಲಬುರಗಿ

ಉತ್ತರ: ತಂಗೀ, ಪ್ರೀತಿ ಎಲ್ಲೂ ಹೋಗಿಲ್ಲ. ಜ್ವರ ಇಳಿದಿದೆ, ಅಷ್ಟೇ. ಮನಶ್ಶಾಸ್ತ್ರಜ್ಞೆ ಡೊರೊಥಿ ಟೆನೊವ್ 1979ರಲ್ಲಿ ಈ ಹುಚ್ಚಿನ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅವರ ಅಂದಾಜಿನಲ್ಲಿ ಅದರ ಆಯಸ್ಸು ಸಾಮಾನ್ಯವಾಗಿ ಒಂದೂವರೆಯಿಂದ ಮೂರು ವರ್ಷ. ನಿಮಗೆ ಒಂಬತ್ತಾಯಿತು. ಮೇ ತಿಂಗಳ ಕಲಬುರಗಿ ಬಿಸಿಲು ನಿಮ್ಮವರಿಗೆ ಈಗ ಬಿಸಿಲಾಗಿಯೇ ಕಾಣುತ್ತಿದ್ದರೆ ಅವರ ಆರೋಗ್ಯ ಸರಿಯಾಗಿದೆ.

ಇನ್ನು ಬಾಳೆಹಣ್ಣು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೇರೆ ಬಾಳೆಗಿಂತ ಗೊನೆ ಕೈಗೆ ಬರುವುದು ತಡ, ಬೆಲೆಯೂ ಜಾಸ್ತಿ. ಒಂದು ಡಜನ್ ಹಣ್ಣನ್ನು ಜಜ್ಜಿಹೋಗದಂತೆ ಬೈಕಿನಲ್ಲಿ ಮಹಾಗಾಂವ್ ಕ್ರಾಸ್ ದಾಟಿಸಿ ತಂದವರಿಗೆ ಪ್ರೀತಿ ಇಲ್ಲ ಎನ್ನಲು ನನಗೆ ಧೈರ್ಯವಿಲ್ಲ. (ಸೀರೆ ತರಬಾರದಿತ್ತೇ ಎಂದರೆ, ತರಬೇಕಿತ್ತು.)

ಲಗ್ನವಾದರೆ ಪ್ರೇಮ ಮುಗಿಯಿತು ಎನ್ನುವುದು ಸಿನಿಮಾದವರ ಲೆಕ್ಕ. ಅಲ್ಲಿ ತಾಳಿ ಕಟ್ಟಿದ ಮೇಲೆ ‘ಶುಭಂ’. ಕನ್ನಡದಲ್ಲಿ 1942ರಿಂದ ಮನೆಮನೆಯಲ್ಲಿರುವ ‘ಮೈಸೂರ ಮಲ್ಲಿಗೆ’ಯಲ್ಲಿ ಪ್ರೇಮಿಸುವವರು ಹೆಚ್ಚಾಗಿ ಗಂಡ ಹೆಂಡತಿಯರೇ.

ಆದರೆ ಬೇಸರ ಕಳೆಯಲು ಕೈಕಾಲು ಆಡಿಸಬೇಕು. ಅಮೆರಿಕದ ಆರ್ಥರ್ ಏರನ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ಜೋಡಿಗಳ ಕೈಕಾಲನ್ನು ಒಂದು ಬದಿಗೆ ಕೂಡಿಸಿ ಕಟ್ಟಿ, ಅಂಬೆಗಾಲಲ್ಲಿ ದಿಂಬು ಸಾಗಿಸಲು ಹಚ್ಚಿದರು. ಬಿದ್ದು ಎದ್ದು ನಕ್ಕ ಆ ಜೋಡಿಗಳಿಗೆ ತಮ್ಮ ಸಂಬಂಧ ಮೊದಲಿಗಿಂತ ಛಂದ ಕಂಡಿತು. ನಿಮಗೆ ಹಗ್ಗ ಬೇಡ. ಸಂಜೆ ಸೂಪರ್ ಮಾರ್ಕೆಟಿನಲ್ಲಿ ಇಬ್ಬರೂ ಕೂಡಿ ಬೈಕ್ ನಿಲ್ಲಿಸಲು ಜಾಗ ಹುಡುಕಿ, ಸಾಕು. ಸಿಕ್ಕರೆ ಅಲ್ಲೇ ಕುಲ್ಫಿ ತಿನ್ನಿ.

ಪ್ರಶ್ನೆ: ಲಗ್ನಕ್ಕಿಂತ ಮೊದಲ ನಾ ಸುಮ್ಮ ಕುಂತ್ರ ‘ಎಷ್ಟ್ ಗಂಭೀರ’ ಅಂತಿದ್ಲು. ಈಗ ‘ಗ್ವಾಡಿ’ ಅಂತಾಳ. ಮಾತಾಡ್ಲೋ, ಸುಮ್ಮ ಇರ್ಲೋ?
– ಒಬ್ಬ ಗಂಡ, ಕಮಲಾಪುರ

ಉತ್ತರ: ಓಗೊಡಿ. ಮನಶ್ಶಾಸ್ತ್ರಜ್ಞ ಜಾನ್ ಗಾಟ್‌ಮನ್ ನವದಂಪತಿಗಳನ್ನು ಆರು ವರ್ಷದ ಬಳಿಕ ಮತ್ತೆ ವಿಚಾರಿಸಿದರು. ಕೂಡಿ ಉಳಿದವರು ಮೊದಲು ಸಂಗಾತಿಯ ಸಣ್ಣಪುಟ್ಟ ಮಾತಿಗೆ ನೂರಕ್ಕೆ 86 ಸಲ ಓಗೊಟ್ಟಿದ್ದರು, ಬೇರೆಯಾದವರು 33 ಸಲ. ‘ನೋಡ್ರಿ, ಮಳಿ ಬರೋಹಂಗ ಅದ’ ಎಂದಾಗ ಮೊಬೈಲಿನಿಂದ ತಲೆ ಎತ್ತಿ ಮುಗಿಲು ನೋಡಿ. ಆದರೆ ಆಕೆ ರೊಟ್ಟಿ ಬಡಿಯುವಾಗ ಮಾತ್ರ ‘ಸಿಟ್ಟಾಗೀಯೇನು?’ ಎಂದು ಕೇಳಬೇಡಿ. ಸಪ್ಪಳ ಕೇಳಿಸಿಕೊಳ್ಳಿ, ಉತ್ತರ ಅದರಲ್ಲೇ ಇರುತ್ತದೆ.