ಯಂತ್ರವು ಯಂತ್ರವನ್ನು ಕೇಳುವ ಬಗೆ

ಗುಂಡ್ಲುಪೇಟೆಯ ಮಾರುಕಟ್ಟೆಯಲ್ಲಿ ಅರಿಶಿನಕ್ಕೆ ಇಂದು ಯಾವ ಬೆಲೆ ನಡೆಯಿತೆಂದು ತಿಳಿಯಲು ಹಿಂದೆ ಮಂಡಿಗೆ ಹೋಗಿ ಬಂದವರನ್ನೇ ವಿಚಾರಿಸಬೇಕಾಗಿತ್ತು. 2000ದಲ್ಲಿ ಕೇಂದ್ರ ಸರ್ಕಾರವು ಅಗ್‌ಮಾರ್ಕ್‌ನೆಟ್ ಎಂಬ ಜಾಲವನ್ನು ಆರಂಭಿಸಿದ ಮೇಲೆ ದೇಶದ ನಾನಾ ಮಾರುಕಟ್ಟೆಗಳ ಬೆಲೆಗಳು ಒಂದೆಡೆ ದೊರೆಯುವಂತಾದವು. 2012ರಲ್ಲಿ ಏರ್ಪಟ್ಟ ಡೇಟಾ ಡಾಟ್ ಗೌ ಡಾಟ್ ಇನ್ ಎಂಬ ಸರ್ಕಾರಿ ತಾಣವು ಆ ಬೆಲೆಗಳನ್ನು ಓದುಗನಿಗಷ್ಟೇ ಅಲ್ಲದೆ ಅವನು ಬರೆದ ಸ್ಕ್ರಿಪ್ಟಿಗೂ ಒದಗಿಸುತ್ತದೆ. ಒಂದು ಯಂತ್ರವು ಮತ್ತೊಂದನ್ನು ಕೇಳಲು ಗೊತ್ತುಮಾಡಿದ ಇಂಥ ಬಾಗಿಲಿಗೆ ಎಪಿಐ ಎಂದು ಹೆಸರು. ಆ ಬಾಗಿಲಲ್ಲಿ ನಡೆದುಕೊಳ್ಳಬೇಕಾದ ರೀತಿಯೇ ಪ್ರಸ್ತುತ ಲೇಖನದ ವಿಷಯ.

ನಮ್ಮ ಕಾಲೇಜಿನ ಪುಸ್ತಕ ಭಂಡಾರದಲ್ಲಿ ಓದುಗರ ಚೀಟಿಯಿಲ್ಲದೆ ಪುಸ್ತಕ ದೊರೆಯದಷ್ಟೆ. ಎಪಿಐ ಕೀಲಿಯೂ ಅಂಥದೇ. ತಾಣದಲ್ಲಿ ಹೆಸರು ನೋಂದಾಯಿಸಿದವರಿಗೆ ಅಕ್ಷರ, ಅಂಕಿಗಳಿಂದ ಕೂಡಿದ ಒಂದು ಉದ್ದನೆಯ ಕೀಲಿಯನ್ನು ಕೊಡುತ್ತಾರೆ. ಕೇಳುತ್ತಿರುವವರು ಯಾರು, ಎಷ್ಟು ಸಲ ಕೇಳಿದರು ಎಂಬುದನ್ನು ಸರ್ವರ್ ಅದರಿಂದ ತಿಳಿಯುತ್ತದೆ. ಚೀಟಿಯನ್ನು ಪರರಿಗೆ ಕೊಟ್ಟರೆ ಅವರು ಕಳೆದ ಪುಸ್ತಕದ ಹೊಣೆ ನಮ್ಮ ಮೇಲೆ ಬೀಳುವಂತೆ, ನಮ್ಮ ಕೀಲಿಯಿಂದ ಅನ್ಯರು ಮಾಡಿದ್ದೆಲ್ಲವೂ ನಮ್ಮ ಲೆಕ್ಕಕ್ಕೇ ಸೇರುತ್ತದೆ.

ಇನ್ನು ಕೇಳಿಕೆಯ ರೂಪ. ಸ್ಕ್ರಿಪ್ಟು ಕಳುಹಿಸುವ ವಿಳಾಸದಲ್ಲಿ ಬೆಲೆಪಟ್ಟಿಯ ಗುರುತು, ಕೀಲಿ, ಉತ್ತರವು ಯಾವ ರೂಪದಲ್ಲಿರಬೇಕು, ಎಷ್ಟು ಸಾಲು ಬೇಕು, ಯಾವ ರಾಜ್ಯ, ಯಾವ ಜಿಲ್ಲೆ ಎಂಬಿಷ್ಟೂ ಇರಬೇಕು. ನಮ್ಮ ಜಿಲ್ಲೆಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒಂದಕ್ಕಿಂತ ಹೆಚ್ಚು ರೀತಿಯಲ್ಲಿ ಬರೆಯುವುದುಂಟು. ಪಟ್ಟಿಯಲ್ಲಿರುವ ಕಾಗುಣಿತವನ್ನೇ ಬಳಸತಕ್ಕದ್ದು. ಬರುವ ಉತ್ತರದಲ್ಲಿ ಪ್ರತಿ ಸರಕಿಗೂ ಕನಿಷ್ಠ, ಗರಿಷ್ಠ ಹಾಗೂ ಹೆಚ್ಚಾಗಿ ನಡೆದ ಬೆಲೆಗಳು ಕ್ವಿಂಟಾಲಿನ ಲೆಕ್ಕದಲ್ಲಿರುತ್ತವೆ.

ಕೀಲಿಯನ್ನು ಸ್ಕ್ರಿಪ್ಟಿನೊಳಗೆ ಬರೆದಿಡಬಾರದು. ಸ್ಕ್ರಿಪ್ಟನ್ನು ಸ್ನೇಹಿತರಿಗೆ ಕೊಟ್ಟಾಗ ಕೀಲಿಯೂ ಅದರೊಡನೆ ಹೊರಟುಹೋಗುತ್ತದೆ. ಗಿಟ್‌ನಲ್ಲಿ ಒಮ್ಮೆ ಸೇರಿಸಿದ ಮೇಲಂತೂ, ಮುಂದಿನ ಪ್ರತಿಯಲ್ಲಿ ಅಳಿಸಿದರೂ ಹಳೆಯ ಪ್ರತಿಯಲ್ಲಿ ಉಳಿದಿರುತ್ತದೆ. ಆಗ ಆ ಕೀಲಿಯನ್ನು ರದ್ದುಗೊಳಿಸಿ ಹೊಸದನ್ನು ಪಡೆಯುವುದೇ ದಾರಿ. ಆದುದರಿಂದ ಕೀಲಿಯನ್ನು ಕಂಪ್ಯೂಟರಿನ ಎನ್‌ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿಟ್ಟು, ಸ್ಕ್ರಿಪ್ಟು ಓಡುವಾಗ ಅಲ್ಲಿಂದ ಓದಿಕೊಳ್ಳುವಂತೆ ಮಾಡುವುದು ಒಳ್ಳೆಯದು. ವಿಳಾಸದಲ್ಲಿ ಸೇರಿದ ಕೀಲಿಯು ದೋಷದ ಸಂದೇಶಗಳಲ್ಲಿಯೂ ಅಚ್ಚಾಗಬಹುದು. ಅವನ್ನು ಇತರರಿಗೆ ತೋರಿಸುವ ಮುನ್ನ ನೋಡಿಕೊಳ್ಳಬೇಕು. ಅನೇಕ ಎಪಿಐಗಳು ಈ ಕಾರಣದಿಂದಲೇ ಕೀಲಿಯನ್ನು ವಿಳಾಸದ ಬದಲು ಕೇಳಿಕೆಯ ಹೆಡರಿನಲ್ಲಿ ಬಯಸುತ್ತವೆ.

ಉತ್ತರ ಬಂದೊಡನೆ ಮೊದಲು ಅದರ ಸಂಖ್ಯೆಯನ್ನು ನೋಡಬೇಕು. 200 ಎಂದರೆ ಕೇಳಿಕೆ ಸಂದಿತು. 401 ಎಂದರೆ ಗುರುತು ಸಾಲದು. 403 ಎಂದರೆ ಅನುಮತಿಯಿಲ್ಲ. 429 ಎಂದರೆ ಮಿತಿಮೀರಿ ಕೇಳಿದ್ದೀರಿ, ತಡೆದು ಕೇಳಿರಿ ಎಂದರ್ಥ.

ಆದರೆ 200 ಬಂದ ಮಾತ್ರಕ್ಕೆ ಉತ್ತರವು ಪೂರ್ಣವೆಂದು ತಿಳಿಯಲಾಗದು. ಈ ತಾಣವು ಪ್ರಯೋಗಕ್ಕೆಂದು ಕೊಡುವ ಮಾದರಿ ಕೀಲಿಯಿಂದ ಒಂದು ಸಲಕ್ಕೆ 10 ಸಾಲುಗಳಿಗೆ ಮೀರಿ ಬಾರವು. ಹನ್ನೊಂದನೆಯ ಸಾಲಿನಲ್ಲಿ ಅರಿಶಿನವಿದ್ದರೆ ಸ್ಕ್ರಿಪ್ಟು ಅದನ್ನು ಕಾಣದು, ದೋಷವೆಂದೂ ಹೇಳದು. ಉತ್ತರದಲ್ಲಿಯೇ ಒಟ್ಟು ಸಾಲುಗಳೆಷ್ಟು, ಬಂದವೆಷ್ಟು ಎಂಬ ಎರಡು ಅಂಕಿಗಳಿರುತ್ತವೆ. ಅವನ್ನು ಹೋಲಿಸಿ, ಉಳಿದವನ್ನು ಮತ್ತೆ ಕೇಳಿ ತರಿಸಬೇಕು, ದಿನಾಂಕವನ್ನೂ ಪರೀಕ್ಷಿಸಬೇಕು.

ವಿದ್ಯಾರ್ಥಿಯೊಬ್ಬನು ಮನೆಯಲ್ಲಿ ಕುಳಿತು ಬೆಲೆ ತೆಗೆದು ತಂದೆಗೆ ಹೇಳಿದನೆನ್ನೋಣ. ಆ ಮಾತನ್ನು ನಂಬಿ ಅವರು ಗಾಡಿಗೆ ಮೂಟೆ ಹೇರುವರು, ಇಲ್ಲವೇ ಮಾಲನ್ನು ಮನೆಯಲ್ಲೇ ಇರಿಸಿಕೊಳ್ಳುವರು. ಒಂದು ವರ್ಷದ ದುಡಿಮೆಯ ಫಲ ಆ ನಿರ್ಧಾರದಲ್ಲಿದೆ. ಕೇಳುವ ವಿದ್ಯೆಯನ್ನು ಕಲಿತವನು ಉತ್ತರವನ್ನು ಪರೀಕ್ಷಿಸುವ ವಿದ್ಯೆಯನ್ನೂ ಕಲಿತಿರಬೇಕಾದುದು ಇದಕ್ಕಾಗಿಯೇ.